ಮಣ್ಣಾದ ದಿನದ ಊಟ

ಹೋದ ತಿಂಗಳು ಒಂದು ಮಧ್ಯಾಹ್ನ ಯಾದಗಿರಿಯ ನಮ್ಮ ಕಚೇರಿಯಲ್ಲಿ ಕರೆಂಟು ಹೋಗಿ ಎಲ್ಲರೂ ಮೊಬೈಲು ನೋಡುತ್ತ ಕುಳಿತಿದ್ದಾಗ, ಹಳೆಯ ಕ್ಯಾಂಪಿನವರ ವಾಟ್ಸಾಪ್ ಗುಂಪಿನಲ್ಲಿ ಕಾಕಾ ತೀರಿಕೊಂಡ ಸುದ್ದಿ ಬಂತು. ಸುದ್ದಿಯ ಕೆಳಗೆ ಕೈಮುಗಿದ ಚಿತ್ರಗಳು ಒಂದರ ಹಿಂದೊಂದು ಬೀಳತೊಡಗಿದವು. ಯಾರೋ ಅವಸರದಲ್ಲಿ ಹುಟ್ಟುಹಬ್ಬದ ಕೇಕಿನ ಚಿತ್ರ ಹಾಕಿ, ಗಾಬರಿಯಾಗಿ ಅಳಿಸಿದರು. ಕಾಕಾ ಬದುಕಿದ್ದರೆ ಆ ಕೇಕಿನ ಮೇಲೆ ವಾರಗಟ್ಟಲೆ ಮಾತಾಡುತ್ತಿದ್ದರು. ಅದನ್ನು ನೆನೆದು ನಗು ಬಂತು, ನಗುತ್ತಿದ್ದಂತೆಯೇ ಅಳು ಬಂತು. ಎದ್ದು ಹೋಗಿ ರೆಕಾರ್ಡ್ ರೂಮಿನ ಬಾಗಿಲು ಹಾಕಿಕೊಂಡು ಕುಳಿತೆ.

ಕ್ಯಾಂಪು ಅಂದರೆ ನಾರಾಯಣಪುರದ ಆಣೆಕಟ್ಟಿನ ನೌಕರರ ವಸತಿ. ಒಂದೇ ಅಚ್ಚಿನ ಮನೆಗಳು, ನಡುವೆ ಬೇವಿನ ಗಿಡಗಳು. ಯಾರ ಮನೆಯಲ್ಲಿ ಏನು ಒಗ್ಗರಣೆ ಬಿತ್ತೆಂದು ಮೂರನೆಯ ಮನೆಗೆ ಗೊತ್ತಾಗುವಂಥ ಜಾಗ. ಅಪ್ಪ ಅಲ್ಲಿ ಗೇಟ್ ಆಪರೇಟರ್ ಆಗಿದ್ದ. ಅವನು ನೌಕರಿಯಲ್ಲಿರುವಾಗಲೇ ತೀರಿಕೊಂಡದ್ದರಿಂದ ಅನುಕಂಪದ ಆಧಾರದ ಮೇಲೆ ನನ್ನನ್ನು ಕಾಲುವೆ ಆಫೀಸಿನಲ್ಲಿ ಗುಮಾಸ್ತೆಯಾಗಿ ತೆಗೆದುಕೊಂಡರು. ಮೊದಲ ದಿನ ನನ್ನ ಎದುರಿನ ಟೇಬಲ್ಲಿನ ಹಿರಿಯ ಗುಮಾಸ್ತರು ಕನ್ನಡಕ ತೆಗೆದು ಹೆಗಲ ಮೇಲಿನ ಟವೆಲ್ಲಿನಿಂದ ಒರೆಸುತ್ತ, ‘ಅನುಕಂಪದ ನೌಕರಿ ಏನ್ ತಂಗಿ? ಸರಕಾರಕ್ಕ ಅನುಕಂಪ ಬರಬೇಕಾದ್ರ ಮನ್ಯಾಗ ಒಂದು ಹೆಣಾ ಬೀಳಬೇಕು ನೋಡು’ ಅಂದರು. ನಾನು ಅತ್ತೆ. ಅವರು ಬಲಗಣ್ಣು ಸಣ್ಣದು ಮಾಡಿ ನಾನು ಅಳುವುದನ್ನು ಪರೀಕ್ಷೆ ಮಾಡುವವರಂತೆ ನೋಡಿ, ‘ಇದು ಖರೇ ಅಳು’ ಎಂದು ಪಾಸು ಮಾಡಿದರು. ಅವರೇ ಕಾಕಾ. ಕ್ಯಾಂಪಿನಲ್ಲಿ ಸಣ್ಣವರು ದೊಡ್ಡವರು ಎಲ್ಲರಿಗೂ ಅವರು ಕಾಕಾ.

ಅವರಿಗೆ ಈ ಲೋಕದಲ್ಲಿ ಯಾರ ಮೇಲೂ ನಂಬಿಕೆ ಇರಲಿಲ್ಲ. ದೇವರ ಗುಡಿಗೆ ಹೋಗುವವರು ಚಪ್ಪಲಿ ಕದಿಯಲು, ದಾನ ಕೊಡುವವರು ಹೆಸರು ಬರೆಸಲು, ಗೆಳೆತನ ಮಾಡುವವರು ಜಾಮೀನಿಗೆ ಸಹಿ ಹಾಕಿಸಲು. ಯಾಕೆ ಹೀಗಾದಿರಿ ಕಾಕಾ ಅಂದರೆ, ‘ಹುಟ್ಟಿದ್ದಽ ಅಮಾಸಿ ದಿನ’ ಅನ್ನುತ್ತಿದ್ದರು. ಅದಕ್ಕಿಂತ ಹೆಚ್ಚಿನ ಕಾರಣ ನನಗೆ ಇವತ್ತಿಗೂ ಗೊತ್ತಿಲ್ಲ. ಕಾಲುವೆ ಕಾವಲಿನ ಹುಡುಗರು ಅಜ್ಜಿ ಸತ್ತಳೆಂದು ರಜೆ ಕೇಳಲು ಬಂದರೆ, ‘ಯಾವ ಅಜ್ಜಿಪಾ? ಹೋದ ಹೋಳಿಗೆ ಸತ್ತಾಕಿನೋ, ದೀಪಾವಳಿಗೆ ಸತ್ತಾಕಿನೋ?’ ಎಂದು ಆಫೀಸೆಲ್ಲ ಕೇಳುವಂತೆ ವಿಚಾರಿಸುತ್ತಿದ್ದರು. ನಾವು ನಗುತ್ತಿದ್ದೆವು. ಹುಡುಗ ತಲೆ ತಗ್ಗಿಸಿ ಹೊರಗೆ ಹೋಗುತ್ತಿದ್ದ.

ನಮ್ಮ ಕಡೆ ಸತ್ತವರ ಮನೆಗೆ ಹೋಗುವುದಕ್ಕೆ ‘ಮಾತಾಡಸಾಕ ಹೋಗೋದು’ ಅನ್ನುತ್ತಾರೆ. ಆ ಮನೆಯಲ್ಲಿ ಅವತ್ತು ಒಲೆ ಹಚ್ಚುವುದಿಲ್ಲ. ಓಣಿಯವರೇ ರೊಟ್ಟಿ, ಬ್ಯಾಳಿ, ಪುಂಡಿಪಲ್ಯ ಮಾಡಿ ಬುತ್ತಿ ಕಟ್ಟಿಕೊಂಡು ಹೋಗಿ, ಎದುರಿಗೆ ಕುಳಿತು ಉಣಿಸಿ ಬರಬೇಕು. ಹಿಂದೂಗಳಿರಲಿ ಮುಸಲ್ಮಾನರಿರಲಿ, ಕ್ಯಾಂಪಿನಲ್ಲಿ ಇದಕ್ಕೆ ಭೇದವಿರಲಿಲ್ಲ. ಇದರಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ರೀತಿ ಇದೆ. ಸತ್ತವರ ಮನೆಯವರು ಒಲ್ಲೆ ಅನ್ನಬೇಕು, ಬಂದವರು ಒತ್ತಾಯ ಮಾಡಬೇಕು, ಅವರು ಎರಡು ತುತ್ತು ತಿಂದು ತಾಟು ಸರಿಸಬೇಕು, ಬಂದವರು ನಿಟ್ಟುಸಿರು ಬಿಟ್ಟು ತಾಟು ಎತ್ತಬೇಕು. ಹೊಟ್ಟೆ ತುಂಬ ಉಂಡರೆ ಮಂದಿ ಏನಾದರೂ ಅಂದುಕೊಂಡಾರು ಎಂಬ ಹೆದರಿಕೆ ಉಣ್ಣುವವರಿಗೆ ಇದ್ದೇ ಇರುತ್ತದೆ.

ಕಾಕಾ ಇಂಥ ಒಂದು ಮನೆಯನ್ನೂ ತಪ್ಪಿಸುತ್ತಿರಲಿಲ್ಲ. ದುಃಖಕ್ಕಲ್ಲ, ನೋಡಲಿಕ್ಕೆ. ಗಂಡಸರ ಸಾಲಿನ ಹಿಂದೆ ಗೋಡೆಗೆ ಒರಗಿ ಕುಳಿತು, ಮರುದಿನ ಆಫೀಸಿನಲ್ಲಿ ನಮಗೆ ವರದಿ ಒಪ್ಪಿಸುತ್ತಿದ್ದರು. ‘ಆ ನಾದಿನಿ ಅಳೋದು ನೋಡಿದೇನು? ಉಸಿರು ತಗೊಳ್ಳಾಕ ನಿಂತಾಗೆಲ್ಲ ಬಾಗಿಲ ಕಡೆ ನೋಡತಾಳ, ಹೊಸಬರು ಬಂದಾರೋ ಇಲ್ಲೋ ಅಂತ.’ ಮುಂದೆ ನಾನು ಹೋದ ಸಾವಿನ ಮನೆಗಳಲ್ಲೆಲ್ಲ ಅಳುವವರ ಕಣ್ಣು ಬಾಗಿಲ ಕಡೆ ಹೋಗುವುದೇ ನನಗೆ ಕಾಣತೊಡಗಿತು. ಹಾಗೆ ನೋಡುವುದು ಹಗುರ. ಮೈಗೆ ಏನೂ ತಾಗುವುದಿಲ್ಲ. ಅಪ್ಪ ಹೋದ ಹೊಸತರಲ್ಲಿ ನನಗೆ ಅದು ಬೇಕಾಗಿತ್ತು, ಕಾಕಾ ಅದನ್ನು ಧಾರಾಳವಾಗಿ ಕೊಟ್ಟರು.

ನಮ್ಮ ಆಫೀಸಿನ ಜೀಪಿಗೆ ಮಾಬುಸಾಬ ಅಂತ ಒಬ್ಬ ಡ್ರೈವರ್ ಇದ್ದ. ಕಾಲುವೆ ದಂಡೆಯ ಕೆಟ್ಟ ದಾರಿಯಲ್ಲೂ ಚಹಾದ ಕಪ್ಪು ತುಳುಕದಂತೆ ಜೀಪು ಓಡಿಸುವವನು. ಮಾತು ಕಡಿಮೆ, ಊಟ ಮಾತ್ರ ಜೋರು. ಅವನಿಗೂ ಅವನ ಹೆಂಡತಿ ಹುಸೇನಬಿಗೂ ಒಂದೇ ಮಗಳು, ಇನ್ನೂ ಶಾಲೆಗೆ ಹಚ್ಚಿರಲಿಲ್ಲ. ಆ ಕೂಸಿಗೆ ಜ್ವರ ಬಂತು, ಇಳಿಯಲಿಲ್ಲ. ಗಂಡ ಹೆಂಡತಿ ಹಗಲೂ ರಾತ್ರಿ ಕೂಸಿನ ಹಾಸಿಗೆ ಬಿಟ್ಟು ಏಳಲಿಲ್ಲ. ಒಂದು ಬೆಳಿಗ್ಗೆ ಕೂಸು ಹೋಯಿತು. ಮಧ್ಯಾಹ್ನ ಮಣ್ಣು ಮಾಡಿ ಬಂದರು.

ಕ್ಯಾಂಪಿನ ಮನೆಮನೆಯಿಂದ ಬುತ್ತಿ ಹೋಯಿತು. ಗಂಡಸರು ಹೊರಗೆ ಚಾಪೆ ಹಾಸಿ ಮಾಬುಸಾಬನ ಮುಂದೆ ತಾಟು ಇಟ್ಟರು. ಅವನು ಒಲ್ಲೆ ಅನ್ನಲಿಲ್ಲ. ಯಾರ ಒತ್ತಾಯಕ್ಕೂ ಕಾಯಲಿಲ್ಲ. ರೊಟ್ಟಿ ಮುರಿದು ಉಂಡ, ಇನ್ನೊಂದು ಹಾಕಿಸಿಕೊಂಡು ಉಂಡ, ನಡುವೆ ತಲೆ ಎತ್ತಿ, ‘ಉಳ್ಳಾಗಡ್ಡಿ ಅದಾವೇನ್ರಿ?’ ಎಂದು ಕೇಳಿದ. ಯಾರೋ ಒಂದು ಈರುಳ್ಳಿ ಗುದ್ದಿ ಕೊಟ್ಟರು. ಗೋಡೆಗೆ ಒರಗಿದ್ದ ಕಾಕಾ ಎಲ್ಲವನ್ನೂ ನೋಡಿದರು.

ಮರುದಿನ ಬೆಳಿಗ್ಗೆ ಆಫೀಸಿನಲ್ಲಿ ಅವರು ಹೇಳಿದ್ದು ಒಂದೇ ಮಾತು. ‘ಮಗಳ ಮ್ಯಾಲಿನ ಮಣ್ಣು ಇನ್ನಾ ಹಸಿ ಅದ, ಅಪ್ಪಗ ಉಳ್ಳಾಗಡ್ಡಿ ಬೇಕಾಗಿತ್ತು.’ ಸಂಜೆಯೊಳಗೆ ಅದು ಕ್ಯಾಂಪೆಲ್ಲ ತಿರುಗಿತು. ವಾರದೊಳಗೆ ಮಾಬುಸಾಬನಿಗೆ ಉಳ್ಳಾಗಡ್ಡಿ ಸಾಬ ಅಂತ ಹೆಸರು ಬಿತ್ತು. ಮಕ್ಕಳು ಜೀಪಿನ ಹಿಂದೆ ಓಡುತ್ತ ಕೂಗತೊಡಗಿದವು. ಆ ಮಕ್ಕಳಿಗೆ ಅದರ ಅರ್ಥ ಗೊತ್ತಿರಲಿಲ್ಲ. ನಳದ ಕಟ್ಟೆಯಲ್ಲಿ ಹುಸೇನಬಿ ಕೇಳಿದಾಗ ಹೆಂಗಸರು ಅರ್ಥ ಬಿಡಿಸಿ ಹೇಳಿದರಂತೆ.

ಅಂದಿನಿಂದ ಮಾಬುಸಾಬ ನಾಲ್ಕು ಮಂದಿಯ ಮುಂದೆ ಉಣ್ಣುವುದನ್ನು ಬಿಟ್ಟ. ಸೈಟಿಗೆ ಹೋದಾಗ ಎಲ್ಲರೂ ಗಿಡದ ನೆರಳಿಗೆ ಬುತ್ತಿ ಬಿಚ್ಚಿದರೆ ಅವನು ಜೀಪಿನ ಆ ಮಗ್ಗಲಿಗೆ ಹೋಗಿ ನಿಂತು ತಿನ್ನುತ್ತಿದ್ದ. ಕೆಲವು ತಿಂಗಳಲ್ಲಿ ವರ್ಗ ಮಾಡಿಸಿಕೊಂಡು ಸುರಪುರಕ್ಕೆ ಹೋದ. ಕಾಕಾ ಅವನ ಬಗ್ಗೆ ಮತ್ತೆ ಮಾತಾಡಿದ್ದನ್ನು ನಾನು ಕೇಳಲಿಲ್ಲ. ಅವರಿಗೆ ಅದು ಸಾವಿರ ಮಾತಿನಲ್ಲಿ ಒಂದು ಮಾತು, ಅಷ್ಟೇ.

ಇಷ್ಟೆಲ್ಲ ನಾಲಿಗೆಯ ಮನುಷ್ಯ ಹೆಂಡತಿಯ ಮುಂದೆ ಮಾತ್ರ ಮೆತ್ತಗೆ. ಸಂತೆಯ ದಿನ ಕಾಕು ಮುಂದೆ, ಚೀಲ ಹಿಡಿದುಕೊಂಡು ಕಾಕಾ ಹಿಂದೆ. ಬದನೆಕಾಯಿ ಹುಳುಕಿದ್ದರೂ ಆಕೆ ತೆಗೆದುಕೊಂಡಳೆಂದರೆ ಮುಗಿಯಿತು, ಕಾಕಾ ತುಟಿ ಬಿಚ್ಚುತ್ತಿರಲಿಲ್ಲ. ‘ಹೊರಗ ಹುಲಿ, ಒಳಗ ಇಲಿ ನಮ್ಮ ಮನಿಯವರು’ ಎಂದು ಕಾಕು ನಮ್ಮ ಮುಂದೆಯೇ ಹಂಗಿಸುತ್ತಿದ್ದಳು. ಮಗಳನ್ನು ಶಹಾಪುರಕ್ಕೆ ಕೊಟ್ಟ ಮೇಲೆ ಮನೆಯಲ್ಲಿ ಇಬ್ಬರೇ. ಒಂದು ಮುಂಜಾನೆ ಎದೆ ನೋವೆಂದು ಕುಳಿತ ಕಾಕು ಅವರ ತೋಳಿನಲ್ಲೇ ಹೋದಳು.

ಮಣ್ಣು ಮುಗಿಸಿ, ಸ್ನಾನ ಮಾಡಿ ಕಾಕಾ ಪಡಸಾಲೆಯಲ್ಲಿ ಕುಳಿತರು. ಕ್ಯಾಂಪಿನವರೆಲ್ಲ ಬುತ್ತಿ ತಂದಿದ್ದರು. ಕಾಕಾ ನಾಲಿಗೆಗೆ ಸಿಕ್ಕು ಗಾಯಗೊಂಡವರೇ ಅರ್ಧಕ್ಕಿಂತ ಹೆಚ್ಚು, ಆದರೂ ಬಂದಿದ್ದರು. ನಾನು ಬಡಿಸಿದೆ. ಒತ್ತಾಯ ಮಾಡಬೇಕಾದೀತೆಂದು ಮಾತು ಜೋಡಿಸಿಕೊಳ್ಳುತ್ತಿದ್ದೆ, ಅಷ್ಟರಲ್ಲಿ ಅವರು ರೊಟ್ಟಿ ಮುರಿದಾಗಿತ್ತು. ತಲೆ ಬಗ್ಗಿಸಿ ಉಂಡರು, ಪಲ್ಯ ಮತ್ತೆ ಹಾಕಿಸಿಕೊಂಡು ಉಂಡರು. ಆಮೇಲೆ ನನ್ನ ಕಡೆ ನೋಡಿ, ದಿನಾ ಮನೆಯಲ್ಲಿ ಕೇಳುವ ಧ್ವನಿಯಲ್ಲಿ, ‘ತಂಗಿ, ಉಳ್ಳಾಗಡ್ಡಿ ಅದ ಏನು?’ ಅಂದರು.

ಯಾರೂ ನಗಲಿಲ್ಲ. ಒಬ್ಬಿಬ್ಬರು ಮುಖ ತಿರುಗಿಸಿಕೊಂಡರು. ಕಾಕಾ ತಾವು ಆಡಿದ ಮಾತು ತಮ್ಮ ಕಿವಿಗೇ ಬಿದ್ದವರಂತೆ ಕುಳಿತರು. ಕೈಯಲ್ಲಿನ ತುತ್ತು ಕೈಯಲ್ಲೇ ಉಳಿಯಿತು. ಉಳ್ಳಾಗಡ್ಡಿ ತರಲು ನಾನು ಎದ್ದರೆ, ‘ಕುಂದ್ರು, ಬ್ಯಾಡ’ ಅಂದರು. ಆ ತುತ್ತನ್ನು ತಾಟಿನಲ್ಲಿ ಇಡಲು ನಾಚಿಕೆ, ಬಾಯಿಗೆ ಹಾಕಲೂ ನಾಚಿಕೆ. ಅಂಥ ಸಂಕಟವನ್ನು ನಾನು ಯಾರ ಮುಖದ ಮೇಲೂ ನೋಡಿಲ್ಲ.

ಒಂಬತ್ತನೆಯ ದಿನವೋ ಹತ್ತನೆಯ ದಿನವೋ ನಾನು ಹೋದಾಗ ಅವರೇ ಮಾತು ತೆಗೆದರು.

‘ನನಗ ಹಸಿವಿ ಆಗಿತ್ತು ತಂಗಿ. ಮುಂಜಾನಿಂದ ಏನೂ ತಿಂದಿದ್ದಿಲ್ಲ. ಆಕಿ ಮಣ್ಣಾಗ ಅದಾಳ, ನನ್ನ ಬಾಯಿಗೆ ರೊಟ್ಟಿ ರುಚಿ ಹತ್ಯದ. ಹಂಗಾದ್ರ ನನ್ನ ದುಃಖ ಸುಳ್ಳೇನು?’

‘ಹಂಗ್ಯಾಕ ಅಂತೀರಿ ಕಾಕಾ. ಸುಳ್ಳಲ್ಲ.’

‘ಹಂಗಾದ್ರ ಮಾಬುಸಾಬಂದು?’

ಅವರು ಕನ್ನಡಕ ತೆಗೆದು ಒರೆಸತೊಡಗಿದರು, ಬಹಳ ಹೊತ್ತು ಒರೆಸಿದರು. ‘ಹಸಿವಿ ಆದ್ರ ದುಃಖ ಸುಳ್ಳಂತ ತಿಳಕೊಂಡಿದ್ದೆ ನೋಡು. ಇಷ್ಟು ಮನಿ ತಿರುಗಿದೆ, ಇಷ್ಟು ಮಂದಿ ನೋಡಿದೆ. ಏನ್ ನೋಡಿದೆ?’

ಆಮೇಲೆ ಕಾಕಾ ಸಂತರಾದರು ಅಂತ ನಾನು ಬರೆದರೆ ಅವರೇ ಮಣ್ಣಿನಿಂದ ಎದ್ದು ಬಂದು ನನ್ನ ಕೈ ಹಿಡಿದಾರು. ನಾಲಿಗೆ ಹೋಗಲಿಲ್ಲ. ಮಂದಿಯ ನಾಟಕ ಅವರ ಕಣ್ಣಿಗೆ ಮೊದಲಿನಂತೆಯೇ ಕಾಣುತ್ತಿತ್ತು. ಆದರೆ ನಾಟಕ ಕಂಡ ಮೇಲೆ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಕಾವಲಿನ ಹುಡುಗನೊಬ್ಬ ಒಮ್ಮೆ ಅಜ್ಜಿ ಸತ್ತಳೆಂದು ಬಂದ. ನಾವೆಲ್ಲ ಕಿವಿ ನಿಮಿರಿಸಿ ಕುಳಿತೆವು. ಕಾಕಾ ಸುಮ್ಮನೆ ರಜೆ ಬರೆದು ಕಳಿಸಿದರು. ನಾನು ಕೇಳಿದ್ದಕ್ಕೆ, ‘ಅಜ್ಜಿ ಸತ್ತಿರಲಿಕ್ಕಿಲ್ಲ ಬಿಡು. ಮನಿಗೆ ಹೋಗಬೇಕನಸ್ಯದ, ಅದಂತೂ ಖರೇ ಅದನಲ್ಲ’ ಅಂದರು. ಇನ್ನೊಮ್ಮೆ ಕಾಲುವೆ ಒಡೆದು ಮನೆಗೆ ನೀರು ನುಗ್ಗಿದೆಯೆಂದು ಒಬ್ಬಾಕೆ ಬಂದು, ಸಾಹೇಬರ ಬಾಗಿಲು ತೆರೆದಾಗಲೆಲ್ಲ ಜೋರಾಗಿ, ಮುಚ್ಚಿದಾಗ ಸಣ್ಣಗೆ ಅತ್ತಳು. ಪಾಠ ಮಾಡಿಕೊಂಡು ಬಂದಾಳ ಅಂತ ನಾನೇ ಅಂದೆ. ಕಾಕಾ ನನ್ನ ಕಡೆ ತಿರುಗಿ ನೋಡಿ, ‘ಪಾಠ ಮಾಡದಿದ್ರ ಇಲ್ಲಿ ಯಾರು ಕೇಳತಾರ?’ ಅಂದರು. ಹೋಗಿ ಆಕೆಗೆ ನೀರು ಕೊಟ್ಟು ಕೂರಿಸಿದರು.

ಆದರೆ ಮಾಬುಸಾಬನ ವಿಷಯ ಅವರನ್ನು ಒಳಗೇ ತಿನ್ನುತ್ತಿತ್ತು. ಮಾಬುಸಾಬ ನಿವೃತ್ತನಾಗುವ ಹೊತ್ತಿಗೆ ಯಾವುದೋ ಹಳೆಯ ಕಾಗದಕ್ಕೆ ನಮ್ಮ ಆಫೀಸಿಗೆ ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಾಕಾ ಅವನನ್ನು ಬೇವಿನ ಗಿಡದ ಕೆಳಗೆ ಕರೆದುಕೊಂಡು ಹೋಗಿ ಕೈಮುಗಿದದ್ದನ್ನು ನಾನು ಕಿಟಕಿಯಿಂದ ನೋಡಿದೆ. ಮಾಬುಸಾಬ ಆ ಕೈಗಳನ್ನು ಹಿಡಿದು ಕೆಳಗಿಳಿಸಿದ. ಅವನು ಹೇಳಿದ್ದನ್ನು ಕಾಕಾ ಆಮೇಲೆ ನನಗೆ ಇದ್ದ ಹಾಗೆಯೇ ಹೇಳಿದರು.

‘ನನ್ನ ಮುಂದ ಕೈ ಮುಗದ್ರ ಏನ್ ಬಂತ್ರಿ ಕಾಕಾ? ನಂದು ಹೋಗಲಿ. ಕ್ಯಾಂಪಿನ ಮಂದಿನೂ ಮರ್ತಾರ. ನಮ್ಮಾಕಿ ಮರ್ತಿಲ್ಲ. ಹೆಂಗ ಉಂಡಿ ನೀ ಅಂತ ಆವಾಗ ಒಮ್ಮೆ ಕೇಳಿದ್ಳು, ನನಗ ಜವಾಬು ಕೊಡಾಕ ಬರಲಿಲ್ಲ. ಇವತ್ತಿನ ತನಕ ತಾಟು ಇಟ್ಟು ಒಳಗ ಹೋಗಿಬಿಡತಾಳ. ನಾ ಉಣ್ಣೋದು ನೋಡಂಗಿಲ್ಲ. ಮಕ್ಕಳೂ ಆಗಲಿಲ್ಲ ಮುಂದ. ಆ ಮನ್ಯಾಗ ನಾವಿಬ್ಬರೇ ಇರತೀವಿ, ಒಂದು ದಿನ ಕೂಡಿ ಉಂಡಿಲ್ಲ.’

ಕಾಕಾ ಅವತ್ತೆಲ್ಲ ಫೈಲು ಮುಟ್ಟಲಿಲ್ಲ. ಸಂಜೆ ನನ್ನ ಟೇಬಲ್ಲಿಗೆ ಬಂದು, ‘ಆಕಿ ಮುಂದ ನಾನಽ ಹೇಳಬೇಕು. ನಾ ಗಂಡಸು, ಆಕಿ ಹೊರಗ ಬರೂದಿಲ್ಲ. ನೀ ಬಾ ತಂಗಿ, ನೀ ಒಳಗ ಕುಂದ್ರು’ ಅಂದರು.

ಹೋದ ತಿಂಗಳು ಕಾಕಾ ತೀರಿಕೊಂಡ ಮೇಲೆ ಶಹಾಪುರಕ್ಕೆ ಹೋಗಿ ಅವರ ಮಗಳನ್ನು ಮಾತಾಡಿಸಿ ಬಂದೆ. ಆ ಹುಡುಗಿ ಅಪ್ಪ ಹೇಗೆ ನಗಿಸುತ್ತಿದ್ದರು ಅನ್ನುವುದನ್ನೇ ಹೇಳಿಕೊಂಡು ಅತ್ತಳು. ಬರುವಾಗ ಬಸ್ಸಿನಲ್ಲಿ, ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಗುಡ್ಡ ಹಿಂದೆ ಸರಿಯುತ್ತಿದ್ದಾಗ, ನನಗೆ ಕಾಕಾ ಅಂದರೆ ನೆನಪಾದದ್ದು ಅವರ ಒಂದು ಚಾಟಿ ಮಾತೂ ಅಲ್ಲ, ಅವರ ಜೊತೆ ಸುರಪುರಕ್ಕೆ ಹೋದ ಆ ರವಿವಾರ. ಅದನ್ನು ಮಗಳಿಗೆ ಹೇಳಬೇಕಿತ್ತು ಅನಿಸಿತು, ಹೇಳಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವತ್ತು ಬೆಳಿಗ್ಗೆ ಕ್ಯಾಂಪಿನಲ್ಲಿ ಒಂದೊಂದು ಕಪ್ ಚಹಾ ಕುಡಿದು ಬಸ್ಸು ಹತ್ತಿದೆವು. ನಡುವೆ ಬಸ್ಸು ಕೆಟ್ಟು, ಕಕ್ಕೇರಾದ ಹತ್ತಿರ ಬಿಸಿಲಲ್ಲಿ ಬಹಳ ಹೊತ್ತು ನಿಂತೆವು. ನಾನು ಬಾಳೆಹಣ್ಣು ಕೊಳ್ಳೋಣ ಅಂದರೆ ಕಾಕಾ ತಲೆ ಅಲ್ಲಾಡಿಸಿದರು. ಮಾಬುಸಾಬನ ಮನೆ ಸುರಪುರದ ಕಲ್ಲುಗುಡ್ಡದ ಬುಡದಲ್ಲಿತ್ತು. ಮುಂದೆ ಒಂದು ಕೋಣೆ, ಹಿಂದೆ ಅಡುಗೆಮನೆ, ನಡುವಿನ ಬಾಗಿಲಿಗೆ ಹಳೆಯ ಸೀರೆಯ ಪರದೆ. ಮಾಬುಸಾಬ ನಮ್ಮನ್ನು ಕಂಡು ಗಾಬರಿಯಾದ. ನಾನು ಒಳಗೆ ಹೋದೆ.

ಹುಸೇನಬಿ ರೊಟ್ಟಿ ಬಡಿಯುತ್ತಿದ್ದಳು. ನನ್ನ ಗುರುತು ಹಿಡಿದಳು, ಮಣೆ ಕೊಟ್ಟಳು. ಹೊರಗೆ ಬಂದವರು ಯಾರೆಂದು ನಾನು ಹೇಳಿದೆ. ಆಕೆ ಬಡಿಯುವುದನ್ನು ನಿಲ್ಲಿಸಲಿಲ್ಲ. ಪರದೆಯ ಆಚೆಯಿಂದ ಕಾಕಾ ಧ್ವನಿ ಬಂತು. ಆಫೀಸು ನಡುಗಿಸುವ ಆ ಧ್ವನಿ ಅಲ್ಲಲ್ಲಿ ಹರಿಯುತ್ತಿತ್ತು.

‘ಭಾಭೀ, ನಾ ಅಂದ ಮಾತು ನಿಮಗ ಗೊತ್ತದ. ಮತ್ತ ಅದನ್ನ ಎತ್ತಂಗಿಲ್ಲ. ನನ್ನ ಹೇಂತಿ ತೀರಿಕೊಂಡ್ಳು. ಮಣ್ಣು ಮಾಡಿ ಬಂದು ನಾನೂ ಉಂಡೆ. ಎರಡು ತುತ್ತಲ್ಲ, ಹೊಟ್ಟಿ ತುಂಬ ಉಂಡೆ. ಉಳ್ಳಾಗಡ್ಡಿನೂ ಕೇಳಿದೆ. ಆಕಿ ಮ್ಯಾಲ ನನ್ನ ಜೀವ ಇತ್ತು ಭಾಭೀ. ಇವತ್ತಿಗೂ ಅದ. ಮಾಬುಸಾಬಂದೂ ಹಂಗಽ ಇತ್ತು ಕೂಸಿನ ಮ್ಯಾಲ. ನನಗ ಅದು ತಿಳೀಲಿಲ್ಲ. ಇಷ್ಟಽ ಹೇಳಾಕ ಬಂದೀನಿ.’

ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಹಂಚಿನ ಮೇಲಿನ ರೊಟ್ಟಿ ಕಪ್ಪಾಗುತ್ತಿತ್ತು, ನಾನೇ ತಿರುವಿ ಹಾಕಿದೆ. ಹುಸೇನಬಿ ಹಿಟ್ಟಿನ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಳು. ನನಗೆ ಮಾತ್ರ ಕೇಳುವಂತೆ ಹೇಳಿದಳು.

‘ನನಗೂ ಹಸಿವಿ ಆಗಿತ್ತು ಅಕ್ಕಾರ. ಕೂಸಿನ ಬಾಜೂಕ ಕುಂತು ನಾನೂ ಏನೂ ತಿಂದಿದ್ದಿಲ್ಲ. ನಿಮ್ಮ ಮಂದಿ ಬುತ್ತಿ ಬಿಚ್ಚಿದ್ರು, ರೊಟ್ಟಿ ವಾಸನಿ ಬಂತು, ನನ್ನ ಬಾಯಾಗ ನೀರು ಬಂತು. ಕೂಸಿನ್ನ ಒಯ್ದು ಬಂದಾರ, ನನ್ನ ಬಾಯಾಗ ನೀರು. ನನ್ನ ಮ್ಯಾಲ ನನಗ ಹೇಸಿಗಿ ಆತು. ನಾ ಉಣ್ಣಲಿಲ್ಲ. ಆಮ್ಯಾಲ ಇವರು ಉಂಡಾರಂತ ಗೊತ್ತಾತು. ಎಲ್ಲಾ ಹೇಸಿಗಿ ಇವರ ಮ್ಯಾಲ ಹಾಕಿದೆ.’

ಇದನ್ನ ಅವರಿಗೆ ಹೇಳ್ರಿ ಅಂದೆನೋ, ಅನ್ನಲಿಲ್ಲವೋ, ಈಗ ನೆನಪಿಲ್ಲ. ಆಕೆ ಎದ್ದು ಕೈ ತೊಳೆದಳು. ತಾಟಿನಲ್ಲಿ ಬಿಸಿ ರೊಟ್ಟಿ, ಪಲ್ಯ ಹಾಕಿ, ಸೆರಗು ತಲೆಯ ಮೇಲೆ ಎಳೆದುಕೊಂಡು ಪರದೆ ಸರಿಸಿ ಹೊರಗೆ ಹೋದಳು. ಮಾಬುಸಾಬನ ಮುಂದೆ ತಾಟು ಇಟ್ಟಳು. ಒಳಗೆ ಬರಲಿಲ್ಲ. ಅವನ ಎದುರಿಗೆ ನೆಲದ ಮೇಲೆ ಕುಳಿತು, ನನಗೆ ಹೇಳಿದ್ದನ್ನೇ, ತನಗೂ ಹಸಿವಾಗಿತ್ತೆಂದು, ತಮ್ಮ ಮಾತಿನಲ್ಲಿ ಗಂಡನಿಗೆ ಹೇಳಿದಳು. ‘ಮೇರೆಕು ಭೀ ಭೂಕ್ ಲಗೀ ಥೀ, ಜೀ.’

ಮಾಬುಸಾಬ ಆಕೆಯನ್ನು ನೋಡಿದ. ಸಿಟ್ಟು ಬರಬೇಕಾಗಿತ್ತು, ಬಂದಿತ್ತೋ ಏನೋ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂತ ಅವನು ಕೇಳಲಿಲ್ಲ. ರೊಟ್ಟಿ ಮುರಿದು ಅರ್ಧ ಆಕೆಯ ಕಡೆ ಸರಿಸಿದ. ಆಕೆ ತೆಗೆದುಕೊಂಡು ಬಾಯಿಗೆ ಇಟ್ಟಳು, ನುಂಗಲಾಗದೆ ಕುಳಿತಳು, ಆಮೇಲೆ ನುಂಗಿದಳು.

ಸ್ವಲ್ಪ ಹೊತ್ತಿನ ಮೇಲೆ ಮಾಬುಸಾಬನಿಗೆ ನಮ್ಮ ನೆನಪಾಗಿ, ಕಣ್ಣೊರೆಸಿಕೊಂಡು, ‘ಬರ್ರಿ ಕಾಕಾ, ನೀವೂ ಕುಂದರ್ರಿ, ಉಣ್ಣೋಣ’ ಅಂದ.

ಕಾಕಾ ಆಗಲೇ ಎದ್ದು ಹೊಸ್ತಿಲ ಹತ್ತಿರ ನಿಂತಿದ್ದರು. ನನಗೂ ಹೊರಗೆ ಬಾ ಎಂದು ಕಣ್ಣಿನಲ್ಲೇ ಹೇಳಿದರು.

‘ನಮಗ ಹಸಿವಿಲ್ಲಪಾ, ದಾರ್‍ಯಾಗ ಹೊಟ್ಟಿ ತುಂಬ ಉಂಡು ಬಂದೀವಿ’ ಅಂದರು. ‘ನೀವಿಬ್ಬರೂ ಉಣ್ರಿ.’